ಆಯ್ತಪ್ಪನವರು ‘ಇಲ್ಲ’ ಅನ್ನಲು ಕಲಿತದ್ದು

ಆಯ್ತಪ್ಪ ಎಂಬುದು ಅವರ ಹೆಸರಲ್ಲ. ಹೆತ್ತವರು ಇಟ್ಟ ಹೆಸರೊಂದು ಇತ್ತು. ಸಂಬಳದ ಚೀಟಿಯಲ್ಲಿ ತಿಂಗಳಿಗೊಮ್ಮೆ ಮುಖ ತೋರಿಸಿ, ಉಳಿದ ದಿನ ಬಳಕೆಯಿಲ್ಲದೆ ತುಕ್ಕು ಹಿಡಿಯುತ್ತಿತ್ತು. ನೀರು ಸರಬರಾಜು ಕಚೇರಿಯ ದೂರು ಕಿಟಕಿಯ ಹಿಂದೆ ಕೂತು, ಬಂದ ಗಂಡಸರಿಗೆಲ್ಲ ‘ಆಯ್ತಪ್ಪ’, ಬಂದ ಹೆಂಗಸರಿಗೆಲ್ಲ ‘ಆಯ್ತಮ್ಮ’ ಎಂದು ತಲೆಯಾಡಿಸಿದ್ದಕ್ಕೆ ಊರವರೇ ಸೇರಿ ಮಾಡಿದ ನಾಮಕರಣ ಅದು. ಅದನ್ನೂ ಅವರು ಬೇಡ ಅನ್ನಲಿಲ್ಲ.

“ನಲ್ಲೀಲಿ ನೀರು ಬಂದು ವಾರ ಆಯ್ತು ಸ್ವಾಮಿ!”

“ಆಯ್ತಪ್ಪ, ನೋಡೋಣ.”

“ಬಂದ್ರೆ ಬರೀ ಕೆಸರು ಬರುತ್ತೆ!”

“ಆಯ್ತಮ್ಮ, ಗಮನದಲ್ಲಿದೆ.”

“ನಿಮ್ಮ ಕಚೇರಿಗೆ ಬೆಂಕಿ ಬೀಳ!”

“ಆಯ್ತಪ್ಪ, ಬರ್ಕೊಂಡಿದ್ದೀನಿ.”

ಕೈ ಮಾಡಲು ಬಂದವನು ಕೈಮುಗಿದು ಹೋಗುತ್ತಿದ್ದ. ಆಮೇಲೆ ನೀರು ಬರುತ್ತಿತ್ತೇ ಎಂದು ಕೇಳಬೇಡಿ. ಅದು ಕೊಳವೆಗೆ ಸಂಬಂಧಪಟ್ಟ ವಿಷಯ, ಕಿಟಕಿಗಲ್ಲ. ಇವರಿಗಿಂತ ಮುಂಚೆ ಆ ಕಿಟಕಿಯಲ್ಲಿ ಕೂತವರು ಒಬ್ಬರು ಕನ್ನಡಕ ಒಡೆಸಿಕೊಂಡು, ಇನ್ನೊಬ್ಬರು ಅಂಗಿ ಹರಿಸಿಕೊಂಡು ವರ್ಗವಾಗಿ ಹೋಗಿದ್ದರು. ಹಾಗಾಗಿ ಕಚೇರಿಯ ಸೂಪರಿಂಟೆಂಡೆಂಟರು ಆಯ್ತಪ್ಪನವರನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಅವರು ರಜೆ ಹಾಕಿದರೆ ಆ ಕಿಟಕಿಯಲ್ಲಿ ಕೂರುವವರು ಯಾರು?

ಇನ್ನು ಮನೆ. ಚಿಕ್ಕದು. ಆಯ್ತಪ್ಪನವರ ಹೆಂಡತಿ ಹೊಲಿಗೆಯಲ್ಲಿ ನಿಸ್ಸೀಮಳು. ಶಾಲೆಯ ಮಕ್ಕಳ ಯೂನಿಫಾರಂ, ಮನೆಮನೆಯ ಪರದೆ, ಬೀದಿಯ ಅರ್ಧ ಜನರ ಅಂಗಿ ಆಕೆಯ ಕೈಯಲ್ಲೇ ಆಗಬೇಕು. ಆದರೆ ಹೊಲಿಗೆ ಮಿಷನ್ನು ಇದ್ದದ್ದು ಮಲಗುವ ಕೋಣೆಯಲ್ಲಿ, ಮಂಚಕ್ಕೂ ಬೀರುವಿಗೂ ನಡುವೆ. ಆಯ್ತಪ್ಪನವರಿಗೆ ಅಂಗಿ ಬೇಕೆಂದರೆ ಬೀರು ತೆಗೆಯಬೇಕು, ಬೀರು ತೆಗೆಯಬೇಕೆಂದರೆ ಆಕೆ ಏಳಬೇಕು, ಆಕೆ ಏಳಬೇಕೆಂದರೆ ಕುರ್ಚಿ ಎತ್ತಿ ಮಂಚದ ಮೇಲಿಡಬೇಕು. ಮದುವೆಯಾದಂದಿನಿಂದ ಆಕೆ ಹೀಗೆ ಎದ್ದೂ ಕೂತೂ ಬಂದಿದ್ದಳು.

ಬೀದಿಗೆ ಮುಖ ಮಾಡಿದ, ಸರಳಿನ ಕಿಟಕಿಯಿದ್ದ ಮುಂದಿನ ಕೋಣೆಯನ್ನು ಒಬ್ಬ ಗಡಿಯಾರ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟಿದ್ದರು. ಅವನು ಕಣ್ಣು ಮಂಜಾಯಿತೆಂದು ಅಂಗಡಿ ಮುಚ್ಚಿ ಹೋದ ದಿನ ಹೆಂಡತಿ ಕೇಳಿದಳು.

“ರೀ, ಆ ಕೋಣೆ ನನಗೆ ಬೇಕು. ಮಿಷನ್ ಅಲ್ಲಿ ಹಾಕ್ಕೋತೀನಿ. ಹೊರಗಡೆ ಒಂದು ಬೋರ್ಡು. ಜೀವನದಲ್ಲಿ ಒಂದ್ಸಲ ಕಾಲು ಚಾಚಿ ಹೊಲೀಬೇಕು.”

“ಆಯ್ತು,” ಎಂದರು ಆಯ್ತಪ್ಪನವರು.

ಪಾಪ, ಆಕೆ ನಂಬಿದಳು. ಆ ಕಿಟಕಿಗೆಂದು ನೀಲಿ ಹೂವಿನ ಪರದೆಯೊಂದನ್ನು ಅಂದೇ ಹೊಲಿದಿಟ್ಟಳು.

ಎರಡು ದಿನ ಕಳೆದಿರಲಿಲ್ಲ, ಭಾವ ಬಂದರು. ಭಾವ ಎಂದರೆ ಆಯ್ತಪ್ಪನವರ ಅಕ್ಕನ ಗಂಡ. ಸಭೆ ಸಮಾರಂಭಗಳಿಗೆ ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ಕೊಡುವ ದಂಧೆ ಅವರದು. ಸಾವಿರಾರು ಜನರನ್ನು ಕೂರಿಸಿದ ಮನುಷ್ಯ ತಾನು ಮಾತ್ರ ಯಾರ ಮನೆಯಲ್ಲೂ ಕೂತು ಮಾತಾಡಿದವರಲ್ಲ, ನಿಂತಲ್ಲೇ ಅಪ್ಪಣೆ.

“ಏನಯ್ಯಾ, ಮುಂದಿನ ಕೋಣೆ ಖಾಲಿ ಆಯ್ತಂತೆ? ಒಂದನೇ ತಾರೀಖು ಟೆಂಪೋದಲ್ಲಿ ಕುರ್ಚಿ ತಂದು ಇಳಿಸ್ತೀನಿ. ಗೋಡೌನಿಗೆ ಸರಿಯಾಗಿದೆ.”

ಆಯ್ತಪ್ಪನವರ ನಾಲಿಗೆ ಒಮ್ಮೆ ಒಳಗೇ ಹೊರಳಾಡಿತು. ಮೊದಲಕ್ಷರ ‘ಇ’ ಹಲ್ಲಿನವರೆಗೆ ಬಂದದ್ದಂತೂ ನಿಜ.

“ಇ... ಇಳಿಸಿ ಭಾವ. ಅದಕ್ಕೇನಂತೆ. ಆಯ್ತು.”

ಅಡುಗೆಮನೆಯಲ್ಲಿ ಒಂದು ಪಾತ್ರೆ ಕೆಳಗೆ ಬಿತ್ತು. ತಾನಾಗಿ ಬಿದ್ದದ್ದಲ್ಲ ಎಂದು ಶಬ್ದದಲ್ಲೇ ಗೊತ್ತಾಗುತ್ತಿತ್ತು.

ಭಾವ ಹೋದ ಮೇಲೆ ಹೆಂಡತಿ ಬಂದು ಎದುರಿಗೆ ನಿಂತಳು. ಕೂಗಾಡಲಿಲ್ಲ. ಅದಕ್ಕೇ ಆಯ್ತಪ್ಪನವರಿಗೆ ಹೆದರಿಕೆಯಾದದ್ದು.

“ನಿಮ್ಮ ನಾಲಿಗೆಗೆ ಏನೋ ಕಾಯಿಲೆ ಇದೆ. ನನ್ನ ಹತ್ರ ಬಟ್ಟೆ ಹೊಲಿಸೋ ಹುಡುಗಿಯೊಬ್ಬಳು ಮನೋಚಿಕಿತ್ಸಾ ಕೇಂದ್ರದಲ್ಲಿ ಕೆಲಸ ಮಾಡ್ತಾಳೆ. ನಾಳೆ ಹೋಗಿ. ಒಂದನೇ ತಾರೀಖಿನೊಳಗೆ ಒಂದೇ ಒಂದು ಶಬ್ದ ಕಲಿತು ಬನ್ನಿ. ‘ಇಲ್ಲ’ ಅನ್ನೋದು. ಮಗು ಕೂಡ ಕಲಿಯುತ್ತೆ. ಆಯ್ತಾ?”

“ಆಯ್ತು,” ಎಂದರು ಆಯ್ತಪ್ಪನವರು. ಕಾಯಿಲೆಯ ಲಕ್ಷಣವೇ ಹಾಗೆ, ಔಷಧಿಗೂ ಹೂಂ ಅನ್ನುತ್ತದೆ.

ಮನೋಚಿಕಿತ್ಸಾ ಕೇಂದ್ರಕ್ಕೆ ಮೂರು ಮಹಡಿ. ಮಹಡಿಗೊಂದು ಚಿಕಿತ್ಸೆ. ಮೊದಲನೇ ಮಹಡಿಯಲ್ಲಿ ಮಾತಿನ ಚಿಕಿತ್ಸೆ. ಅಲ್ಲಿದ್ದ ಗಡ್ಡದ ಡಾಕ್ಟರು ಆಯ್ತಪ್ಪನವರನ್ನು ಉದ್ದನೆಯ ಸೋಫಾದ ಮೇಲೆ ಮಲಗಿಸಿ, ತಾವು ಅವರ ತಲೆಯ ಹಿಂದೆ ಕುರ್ಚಿ ಹಾಕಿಕೊಂಡು ಕೂತರು.

“ಮನಸ್ಸಿಗೆ ಏನು ಬರುತ್ತೋ ಹೇಳಿ.”

ಆಯ್ತಪ್ಪನವರ ಮನಸ್ಸಿಗೆ ಬಂದದ್ದು ನಿದ್ದೆ. ಕಚೇರಿಯಲ್ಲಿ ಕೂತೇ ನಿದ್ದೆ ಮಾಡಿ ರೂಢಿಯಿದ್ದವರಿಗೆ ಮಲಗಲು ಸೋಫಾ ಸಿಕ್ಕರೆ ಇನ್ನೇನಾಗುತ್ತದೆ? ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರು ಕೆಮ್ಮಿದರು.

“ಚಿಕ್ಕಂದಿನಲ್ಲಿ ನಿಮ್ಮ ತಂದೆಯವರ ಮೇಲೆ ನಿಮಗೆ ಸಿಟ್ಟಿತ್ತೇ?”

“ಇತ್ತು ಸಾರ್,” ಎಂದರು ಆಯ್ತಪ್ಪನವರು, ಇಲ್ಲ ಅಂದರೆ ಡಾಕ್ಟರಿಗೆ ಬೇಜಾರಾದೀತೆಂದು.

“ಅಥವಾ ಅತಿಯಾದ ಪ್ರೀತಿಯೋ?”

“ಅದೂ ಇತ್ತು ಸಾರ್.”

“ಸಿಟ್ಟನ್ನು ಪ್ರೀತಿ ಮುಚ್ಚಿತೋ, ಪ್ರೀತಿಯನ್ನು ಸಿಟ್ಟು ಮುಚ್ಚಿತೋ?”

“ಹೂಂ ಸಾರ್. ಮುಚ್ಚಿತು.”

ಡಾಕ್ಟರಿಗೆ ಬಹಳ ಸಂತೋಷವಾಯಿತು. ಇಷ್ಟು ಬೇಗ ಇಷ್ಟೊಂದು ಒಪ್ಪಿಕೊಂಡ ರೋಗಿಯನ್ನು ಅವರು ಕಂಡಿರಲಿಲ್ಲ. ಅಪ್ಪನನ್ನು ಮುಗಿಸಿ ಅಮ್ಮನಿಗೆ ಬಂದರು, ಅಮ್ಮನಿಂದ ಕನಸಿಗೆ ಹೋದರು. ಕನಸಿನಲ್ಲಿ ಏಣಿ ಬರುತ್ತದೆಯೇ ಎಂದರು. ಬರುತ್ತದೆ ಎಂದರು ಇವರು. ಪಾಪ, ಆಯ್ತಪ್ಪನವರಿಗೆ ಕನಸೇ ಬೀಳುತ್ತಿರಲಿಲ್ಲ.

“ಬೇರು ಬಹಳ ಆಳದಲ್ಲಿದೆ. ಅಗೆದು ತೆಗೆಯೋಣ. ವಾರಕ್ಕೆರಡು ಸಲದಂತೆ ಎರಡು ಮೂರು ವರ್ಷ ಬನ್ನಿ.”

“ಆಯ್ತು ಸಾರ್.”

ಮನೆಗೆ ಬಂದು ಹೇಳಿದಾಗ ಹೆಂಡತಿ ಕತ್ತರಿ ಕೆಳಗಿಟ್ಟಳು. “ಒಂದನೇ ತಾರೀಖು ಕುರ್ಚಿ ಬರುತ್ತೆ. ಇವರು ಎರಡು ವರ್ಷ ಬೇರು ಹುಡುಕ್ತಾರಂತೆ. ಸ್ವರ್ಗದಲ್ಲಿರೋ ಮಾವನವರ ಮೇಲೆ ಚಾಡಿ ಹೇಳಿ ಬಂದಿದ್ದೀರಲ್ಲ, ನಾಚಿಕೆ ಆಗಲ್ವಾ? ನಾಳೆ ಎರಡನೇ ಮಹಡಿಗೆ ಹೋಗಿ.”

ಎರಡನೇ ಮಹಡಿಯಲ್ಲಿ ಅಪ್ಪನೂ ಇಲ್ಲ, ಕನಸೂ ಇಲ್ಲ. ಅಲ್ಲಿ ನಡವಳಿಕೆಯ ಚಿಕಿತ್ಸೆ. ಚುರುಕು ಕಣ್ಣಿನ ಮೇಡಂ ಒಬ್ಬರು ಬೋರ್ಡಿನ ಮೇಲೆ ಮೆಟ್ಟಿಲು ಬರೆದು ತೋರಿಸಿದರು.

“ನೋಡಿ, ಇದು ಈಜು ಕಲಿತ ಹಾಗೆ. ಮೊದಲೇ ಆಳಕ್ಕೆ ಹಾರಬಾರದು. ಕೆಳಗಿನ ಮೆಟ್ಟಿಲಿಂದ ಶುರು. ಯಾರಿಗೆ, ಯಾವ ಮಾತಿಗೆ ‘ಇಲ್ಲ’ ಅಂದರೆ ನಿಮಗೆ ಕಮ್ಮಿ ಹೆದರಿಕೆಯೋ ಅಲ್ಲಿಂದ. ದಿನಾ ಮನೆಪಾಠ. ಹೇಳೋವಾಗ ಬೆವರು ಬರುತ್ತೆ, ಎದೆ ಹೊಡ್ಕೊಳ್ಳುತ್ತೆ. ಬಿಡಬೇಡಿ. ನಾಕು ಸಲ ಅಂದ್ರೆ ತಾನಾಗೇ ಇಳಿಯುತ್ತೆ.”

ಇದು ಆಯ್ತಪ್ಪನವರಿಗೆ ಹಿಡಿಸಿತು. ದಾರಿಯುದ್ದಕ್ಕೂ ಯೋಚಿಸಿದರು. ಯಾರಾದರೂ ಏನಾದರೂ ಕೇಳಿದಾಗ ‘ಇಲ್ಲ’ ಅಂದರೆ ಅವರಿಗೆ ಬೇಜಾರು, ತಮಗೆ ಸಂಕಟ. ಕೇಳಿದವರಿಗೆ ನಷ್ಟವಿಲ್ಲದ, ಹೇಳಿದವರಿಗೆ ಖರ್ಚಿಲ್ಲದ ಪ್ರಶ್ನೆ ಯಾವುದಿದೆ? ಮನೆಯ ಗೇಟು ಮುಟ್ಟುವಷ್ಟರಲ್ಲಿ ಎದುರುಮನೆ ಮೇಷ್ಟ್ರು ಜಗಲಿಯ ಮೇಲಿಂದ ಕೂಗಿದರು. ಮೇಷ್ಟ್ರು ನಿವೃತ್ತರು, ಬೀದಿಯಲ್ಲಿ ಹಾದುಹೋಗುವವರ ಹಾಜರಿ ತೆಗೆದುಕೊಳ್ಳುವುದೇ ಈಗ ಅವರ ಉದ್ಯೋಗ.

“ಏನ್ರೀ, ಊಟ ಆಯ್ತಾ?”

ಆಯ್ತಪ್ಪನವರಿಗೆ ತಲೆಯಲ್ಲಿ ದೀಪ ಹತ್ತಿತು. ಊಟ ಆಯ್ತಾ! ನಾವು ದಿನಕ್ಕೆ ಹತ್ತು ಸಲ ಕೇಳುತ್ತೇವೆ, ಹತ್ತು ಸಲ ‘ಆಯ್ತು’ ಅನ್ನುತ್ತೇವೆ. ಕೇಳಿದವನಿಗೆ ನಮ್ಮ ಊಟ ಬೇಕಾಗಿಲ್ಲ, ಹೇಳಿದವನು ಉಂಡಿರಲೇಬೇಕೆಂದೂ ಇಲ್ಲ. ಇದಕ್ಕಿಂತ ಕೆಳಗಿನ ಮೆಟ್ಟಿಲು ಲೋಕದಲ್ಲಿ ಸಿಕ್ಕೀತೇ?

ಅವರು ಗೇಟು ಹಿಡಿದುಕೊಂಡರು. ಬೆವರು ಬಂತು. ಎದೆ ಹೊಡೆದುಕೊಂಡಿತು. ಮೇಡಂ ಹೇಳಿದ್ದು ಸುಳ್ಳಲ್ಲ.

“ಇಲ್ಲ,” ಎಂದರು.

ಮೇಷ್ಟ್ರು ಓದುತ್ತಿದ್ದ ಪೇಪರು ಕೆಳಗಿಳಿಯಿತು. “ಏನು, ಇಷ್ಟೊತ್ತಾದ್ರೂ? ಮನೇಲಿ ಎಲ್ಲಾ ಆರಾಮ ತಾನೆ?”

ಇನ್ನೊಂದು ಮೆಟ್ಟಿಲು! “ಇಲ್ಲ!” ಎಂದು ಹೇಳಿ, ಮುಖದ ತುಂಬ ನಗು ತುಂಬಿಕೊಂಡು ಒಳಗೆ ಹೋದರು. ಒಳಗೆ ಹೋಗಿ ಹೊಟ್ಟೆ ಬಿರಿಯುವಂತೆ ಉಂಡರು.

ಮರುದಿನ ಮನೆಪಾಠ ಭರದಿಂದ ಸಾಗಿತು. ಮೂಲೆಯಂಗಡಿಯವನು “ಚೆನ್ನಾಗಿದ್ದೀರಾ?” ಎಂದ. ಇಲ್ಲ. ಕ್ಷೌರದವನು “ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಾ?” ಎಂದ. ಇಲ್ಲ. ಕಚೇರಿಯಲ್ಲಿ ಸೂಪರಿಂಟೆಂಡೆಂಟರು ವಾಡಿಕೆಯಂತೆ ಕಡತದಿಂದ ತಲೆಯೆತ್ತದೆ “ಏನ್ರೀ, ಆರಾಮಾ?” ಎಂದರು.

“ಇಲ್ಲ ಸಾರ್.”

ಸೂಪರಿಂಟೆಂಡೆಂಟರ ಪೆನ್ನು ನಿಂತಿತು. ಅವರ ಕಣ್ಣೆದುರು ದೂರು ಕಿಟಕಿ, ಅದರಾಚೆ ಖಾಲಿ ಕೊಡ ಹಿಡಿದ ಜನ, ಈಚೆ ತಾವು! ಎದ್ದು ಬಂದು ಆಯ್ತಪ್ಪನವರ ಭುಜ ಹಿಡಿದು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ತಮ್ಮ ಫ್ಲಾಸ್ಕಿನ ಚಹಾ ತಾವೇ ಬಗ್ಗಿಸಿ ಕೊಟ್ಟರು.

“ನೋಡಿ, ಏನೇ ಇದ್ರೂ ಹೇಳಿ. ಆದ್ರೆ ರಜೆ ಮಾತ್ರ ಕೇಳ್ಬೇಡಿ. ಕೇಳಲ್ಲ ತಾನೆ?”

“ಇಲ್ಲ ಸಾರ್,” ಎಂದರು ಆಯ್ತಪ್ಪನವರು. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡರು.

ಸಂಜೆ ಸೀಟಿ ಹಾಕುತ್ತ ಮನೆಗೆ ಬಂದರೆ, ಮನೆಯೊಳಗೆ ಸಭೆ ಸೇರಿತ್ತು. ಎದುರುಮನೆ ಮೇಷ್ಟ್ರು ಕೈಯಲ್ಲಿ ಬಿಸಿ ಊಟದ ಡಬ್ಬಿ ಹಿಡಿದು ನಿಂತಿದ್ದರು. ಅಕ್ಕ ನೆಲದ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಭಾವ ಎಂದಿನಂತೆ ನಿಂತಿದ್ದರು. ಮಲಗುವ ಕೋಣೆಯ ತೆರೆದ ಬಾಗಿಲಾಚೆ ಹೆಂಡತಿ ಮಿಷನ್ನಿನ ಮೇಲೆ ಕೈಯಿಟ್ಟು ಕೂತಿದ್ದಳು.

ಆದದ್ದಿಷ್ಟೇ. ಮೇಷ್ಟ್ರು ಅಂಗಡಿಯವನಿಗೆ ಹೇಳಿದ್ದರು, ಆಯ್ತಪ್ಪನಿಗೆ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಿಲ್ಲ ಎಂದು. ಅಂಗಡಿಯವನು ಕ್ಷೌರದವನಿಗೆ ಹೇಳಿದ್ದ, ಊಟವೇ ಇಲ್ಲವಂತೆ ಎಂದು. ಕ್ಷೌರದವನು ಭಾವನ ಗಡ್ಡ ಹೆರೆಯುವಾಗ, ನಿದ್ದೆಯೂ ಇಲ್ಲವಂತೆ, ಗಂಡಹೆಂಡಿರ ನಡುವೆ ಮಾತೂ ಇಲ್ಲವಂತೆ ಎಂದಿದ್ದ. ಬಾಯಿಂದ ಬಾಯಿಗೆ ಹೋಗುವಾಗ ಸುದ್ದಿಗೆ ರೆಕ್ಕೆ ಬರುತ್ತದೆ ಅನ್ನುತ್ತಾರಲ್ಲ, ಇದಕ್ಕೆ ಬಾಲ, ಕೊಂಬು ಎಲ್ಲ ಬಂದಿತ್ತು.

“ಅಯ್ಯೋ ನನ್ನ ತಮ್ಮಾ!” ಅಕ್ಕ ಎದ್ದು ಬಂದು ಅವರ ಕೆನ್ನೆ ಹಿಂಡಿದಳು. “ಹೇಗೆ ಬತ್ತಿಹೋಗಿದ್ದೀಯೋ! ಗುರುತೇ ಸಿಗಲ್ವಲ್ಲೋ!”

ಆಯ್ತಪ್ಪನವರು ಹೋದ ತಿಂಗಳಷ್ಟೇ ಬೆಲ್ಟಿಗೆ ಹೊಸ ತೂತು ಹಾಕಿಸಿದ್ದರು, ಬಿಗಿಯಲಿಕ್ಕಲ್ಲ, ಸಡಿಲಿಸಲಿಕ್ಕೆ.

“ಅಲ್ಲಮ್ಮಾ,” ಮೇಷ್ಟ್ರು ಆಯ್ತಪ್ಪನವರ ಹೆಂಡತಿಯ ಕಡೆ ತಿರುಗಿದರು, “ಹೊಲಿಗೆ ಇರಲಿ, ಬೇಡ ಅನ್ನಲ್ಲ. ಆದ್ರೆ ಕಟ್ಕೊಂಡ ಗಂಡನಿಗೆ ಒಂದು ತುತ್ತು...”

“ಎಲ್ಲಾ ಈ ಮಿಷನ್ ಮಾಡಿರೋ ಕೆಲಸ,” ಅಕ್ಕ ತೀರ್ಪು ಕೊಟ್ಟಳು. “ಮೊದಲು ಇದನ್ನ ಮನೆಯಿಂದ ಆಚೆ ಹಾಕ್ಬೇಕು.”

ಭಾವ ಗಂಟಲು ಸರಿಮಾಡಿಕೊಂಡರು. “ಒಂದನೇ ತಾರೀಖು ಕುರ್ಚಿ ಜೊತೆ ನಿಮ್ಮಕ್ಕನೂ ಬಂದಿರ್ತಾಳೆ. ನಿನ್ನ ಊಟ ತಿಂಡಿ ನೋಡ್ಕೊಳ್ಳೋಕೆ. ಟೆಂಪೋ ವಾಪಸ್ ಹೋಗ್ತಾ ಖಾಲಿ ಹೋಗೋ ಬದಲು ಆ ಮಿಷನ್ ಹಾಕ್ಕೊಂಡು ಹೋಗುತ್ತೆ. ಏನಂತೀಯಾ?”

ಆಯ್ತಪ್ಪನವರು ಹೆಂಡತಿಯ ಮುಖ ನೋಡಿದರು. ಆಕೆಯೂ ಅವರನ್ನೇ ನೋಡುತ್ತಿದ್ದಳು. ಹೇಳಬೇಕು, ಈಗ ಹೇಳಬೇಕು ಎಂದು ಅವರ ಮೈಯೆಲ್ಲ ಅನ್ನುತ್ತಿತ್ತು. ಆದರೆ ಇದು ಕೆಳಗಿನ ಮೆಟ್ಟಿಲಲ್ಲ, ಏಣಿಯ ತುದಿ.

“ಆಯ್ತು ಭಾವ,” ಎಂದರು.

ಆ ರಾತ್ರಿ ಅಂಗಿ ಬೇಕೆಂದು ಬೀರುವಿನ ಹತ್ತಿರ ಹೋದಾಗ ಹೆಂಡತಿ ಎದ್ದು ಜಾಗ ಬಿಡಲಿಲ್ಲ. ಮರುದಿನ ಅವರು ಹಿಂದಿನ ದಿನದ ಅಂಗಿಯಲ್ಲೇ ಕಚೇರಿಗೆ ಹೋದರು.

ಸುದ್ದಿ ಕೇಳಿ ಮೇಡಂ ಹಣೆ ಹಿಡಿದುಕೊಂಡರು. “ನಾನು ಹೇಳಿದ್ದು ಯಾರಾದ್ರೂ ಏನಾದ್ರೂ ಬೇಡಿದಾಗ ಇಲ್ಲ ಅನ್ನಿ ಅಂತ! ಕ್ಷೇಮ ವಿಚಾರಿಸಿದೋರಿಗಲ್ಲ! ಒಂದ್ಸಲ ಇದೇ ಮಹಡಿಯ ಗುಂಪು ಚಿಕಿತ್ಸೆಗೆ ಹೋಗಿ ಬನ್ನಿ. ನಿಮ್ಮಂಥವರೇ ಸೇರ್ತಾರೆ. ಒಬ್ಬರನ್ನ ನೋಡಿ ಒಬ್ಬರು ಧೈರ್ಯ ತಗೋತೀರಿ.”

ಆಯ್ತಪ್ಪನವರು ಹೋದರು. ಅಂದು ಬೆಳಿಗ್ಗೆ ಅವರು ಮನೆಯ ಬೀಗದ ಕೈ ಮರೆತು ಕಚೇರಿಗೆ ಬಂದಿದ್ದರು. ಸಂಜೆ ಏಳುವಾಗ ನೋಡಿದರೆ ಅದು ದೂರು ಕಿಟಕಿಯ ಕಟ್ಟೆಯ ಮೇಲೇ ಇತ್ತು. ಈ ಕಾಯಿಲೆಯ ಜೊತೆ ಮರೆವೂ ಶುರುವಾಯಿತಲ್ಲಪ್ಪ ಎಂದು ಕೊರಗುತ್ತ ಮೆಟ್ಟಿಲು ಹತ್ತಿದರು.

ಗುಂಪಿನಲ್ಲಿ ಹತ್ತಾರು ಜನ ವೃತ್ತಾಕಾರವಾಗಿ ಕೂತಿದ್ದರು. ಒಬ್ಬರಿಗೂ ‘ಇಲ್ಲ’ ಅನ್ನಲು ಬರುತ್ತಿರಲಿಲ್ಲ. ನಡೆಸಿಕೊಡಬೇಕಾದ ಡಾಕ್ಟರು ಫೋನು ಬಂತೆಂದು ಹೊರಗೆ ಹೋದರು. ಆಮೇಲಿನ ಚಿಕಿತ್ಸೆ ನೀವು ನೋಡಬೇಕಿತ್ತು. ಫ್ಯಾನು ಹಾಕೋಣವೇ ಎಂದರು ಒಬ್ಬರು. ಎಲ್ಲರೂ ಹೂಂ ಅಂದರು. ಚಳಿಯಾಗುತ್ತಿದೆ, ಆರಿಸೋಣವೇ ಎಂದರು ಇನ್ನೊಬ್ಬರು, ಎಲ್ಲರೂ ಹೂಂ. ಸಭೆ ಮುಗಿಸೋಣವೇ ಎಂದು ಒಬ್ಬರು, ಇನ್ನೂ ಸ್ವಲ್ಪ ಹೊತ್ತು ಕೂರೋಣವೇ ಎಂದು ಒಬ್ಬರು. ಎರಡಕ್ಕೂ ಹೂಂ ಅಂದು ಎಲ್ಲರೂ ಅರ್ಧ ಎದ್ದು ಅರ್ಧ ಕೂತರು. ಕೊನೆಗೆ ಕಾವಲುಗಾರ ಬಂದು ದೀಪ ಆರಿಸಿ, “ಎದ್ದು ಹೋಗ್ರೀ” ಎಂದ ಮೇಲೆ ಬಿಡುಗಡೆಯಾಯಿತು.

ಮನೆಗೆ ಬಂದ ಆಯ್ತಪ್ಪನವರು ಬಾಗಿಲಲ್ಲೇ ನಿಂತು ಹೇಳಿದರು, “ನನ್ನನ್ನ ಗುಂಪಿಗೆ ಕಾರ್ಯದರ್ಶಿ ಮಾಡಿದ್ದಾರೆ.”

“ಮತ್ತೆ?”

“ಮುಂದಿನ ಬುಧವಾರದಿಂದ ಸಭೆ ಎಲ್ಲಿ ನಡೆಸೋಣ ಅಂದ್ರು.”

“ಹೇಳಬೇಡಿ.”

“ನಮ್ಮ ಮುಂದಿನ ಕೋಣೇಲಿ.”

ಹೆಂಡತಿ ಹೊಲಿದಿಟ್ಟಿದ್ದ ನೀಲಿ ಹೂವಿನ ಪರದೆಯನ್ನು ಮಡಚಿ ಬೀರುವಿನ ತಳಕ್ಕೆ ತುರುಕಿದಳು.

ಉಳಿದದ್ದು ಮೂರನೇ ಮಹಡಿ. ಕುಟುಂಬ ಚಿಕಿತ್ಸೆ. ಅಲ್ಲಿದ್ದವರು ವಯಸ್ಸಾದ ಡಾಕ್ಟರಮ್ಮ. ಮನೆಯವರೆಲ್ಲ ಬರಬೇಕು, ಎಲ್ಲರೂ ಮಾತಾಡಬೇಕು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು, ಇಷ್ಟೇ ನಿಯಮ ಎಂದರು. ಮೊದಲೆರಡು ನಿಯಮ ಚೆನ್ನಾಗಿ ನಡೆಯಿತು. ಅಕ್ಕ, ಭಾವ ಬಂದರು. ಮೇಷ್ಟ್ರು ಸಾಕ್ಷಿಯೆಂದು ತಾವಾಗಿ ಬಂದರು, ಕೈಯಲ್ಲಿ ಡಬ್ಬಿ ಸಮೇತ.

“ನಮ್ಮ ತಮ್ಮ ದೇವರಂಥವನು,” ಎಂದಳು ಅಕ್ಕ.

“ಊಟ ಇಲ್ಲದ ದೇವರು,” ಎಂದರು ಮೇಷ್ಟ್ರು.

“ಜಾಗ ಅಂತ ಒಂದಿದ್ದ ಮೇಲೆ ಅದು ನಾಲ್ಕು ಜನರ ಉಪಯೋಗಕ್ಕೆ ಬರಬೇಕು,” ಎಂದರು ಭಾವ. “ಇವನು ಸಂತೋಷವಾಗೇ ಕೊಟ್ಟಿದ್ದಾನೆ. ಏನಯ್ಯಾ?”

“ಹೂಂ ಭಾವ.”

ಡಾಕ್ಟರಮ್ಮ ಹೆಂಡತಿಯ ಕಡೆ ತಿರುಗಿದರು. “ನೀವೇನೂ ಹೇಳಲೇ ಇಲ್ಲವಲ್ಲಮ್ಮ. ನಿಮ್ಮ ಯಜಮಾನರಿಗೆ ‘ಇಲ್ಲ’ ಅನ್ನೋಕೆ ಬರಲ್ಲ ಅನ್ನೋದೇ ತೊಂದರೆ, ಅಲ್ವೇ?”

ಆಕೆ ಸೆರಗಿನ ತುದಿಗೆ ಅಂಟಿದ್ದ ದಾರದ ಎಳೆಯನ್ನು ಕಿತ್ತಳು.

“ನಾನೂ ಹಾಗೇ ಅಂದ್ಕೊಂಡಿದ್ದೆ ಡಾಕ್ಟ್ರೇ. ಮೊನ್ನೆ ಇವರು ಬೀಗದ ಕೈ ಮರೆತು ಹೋಗಿದ್ರು. ಕೊಡೋಣ ಅಂತ ಆಫೀಸಿಗೆ ಹೋದೆ. ಅಲ್ಲಿ ಸಾಲಿತ್ತು, ನಿಂತ್ಕೊಂಡೆ. ನನ್ನ ಮುಂದೆ ಒಬ್ಬರು ಅಜ್ಜಿ. ನೀರಿಲ್ಲ ಅಂದ್ರು. ಇವರು ಎಷ್ಟು ಚೆನ್ನಾಗಿ ‘ಆಯ್ತಮ್ಮ’ ಅಂದ್ರು ಅಂತೀರಿ! ಅಜ್ಜಿ ನಗ್ತಾ ಹೋದ್ರು. ನನ್ನ ಹಿಂದಿದ್ದವನು ಹೇಳಿದ, ‘ಪಾಪ, ಹೋದ ವರ್ಷದಿಂದ ಬರ್ತಿದ್ದಾರೆ’ ಅಂತ. ಆಮೇಲೆ ನನ್ನ ಸರದಿ. ‘ರೀ, ಬೀಗದ ಕೈ’ ಅಂದೆ. ಇವರು ತಲೆ ಎತ್ತಲಿಲ್ಲ. ‘ಆಯ್ತಮ್ಮ, ನೋಡೋಣ’ ಅಂದ್ರು. ಬೀಗದ ಕೈ ಅಲ್ಲೇ ಇಟ್ಟು ಬಂದೆ.”

ಯಾರೂ ಬಾಯಿ ಹಾಕಲಿಲ್ಲ. ಮೂರನೇ ನಿಯಮ ಆಗಷ್ಟೇ ಜಾರಿಗೆ ಬಂದಿತ್ತು.

“ಆ ‘ಆಯ್ತು’ ನನಗೆ ಗುರುತಿರೋದೇ. ಮನೇಲಿ ನನಗೆ ಅನ್ನೋದೂ ಅದನ್ನೇ. ಒಂದ್ಸಲ ಸಮುದ್ರ ನೋಡ್ಕೊಂಡು ಬರೋಣ ಅಂದೆ. ಆಯ್ತು ಅಂದ್ರು. ಅಡುಗೆಮನೆ ಸೂರು ಸೋರುತ್ತೆ ಅಂದೆ. ಆಯ್ತು ಅಂದ್ರು. ಕೋಣೆ ಕೇಳಿದೆ, ಅದಕ್ಕೂ ಆಯ್ತು. ಇವರಿಗೆ ಇಲ್ಲ ಅನ್ನೋಕೆ ಬರಲ್ಲ ಅಂತ ಯಾರಂದ್ರು? ನನಗೆ ಬರೀ ‘ಇಲ್ಲ’ವೇ ಸಿಕ್ಕಿರೋದು. ನಿಜವಾದ ‘ಆಯ್ತು’ ಎಲ್ಲಾ ಭಾವನಿಗೆ. ನಾನು ಮದುವೆಯಾಗಿ ಬಂದಾಗಿಂದ ಆ ಕಿಟಕಿ ಮುಂದೆ ಸಾಲಲ್ಲಿ ನಿಂತಿದ್ದೀನಿ, ಅಷ್ಟೇ.”

ಆಯ್ತಪ್ಪನವರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವರು ತಮ್ಮನ್ನು ಯಾರಿಗೂ ನೋವು ಕೊಡದ ಮನುಷ್ಯ ಎಂದು ನಂಬಿಕೊಂಡಿದ್ದರು. ಅದೊಂದೇ ಅವರ ಹೆಮ್ಮೆಯಾಗಿತ್ತು.

ಮೊದಲು ಮಾತಾಡಿದವರು ಭಾವ. “ಸಾಲು ಅಷ್ಟುದ್ದ ಇರುತ್ತಾ ನಿಮ್ಮ ಆಫೀಸಲ್ಲಿ? ನಿಂತವರಿಗೆ ಕುರ್ಚಿ ಬೇಕಾದ್ರೆ ನಿಮ್ಮ ಸಾಹೇಬರ ಹತ್ರ ನನ್ನ ಹೆಸರು ಹೇಳು.”

ಡಾಕ್ಟರಮ್ಮ ಕನ್ನಡಕ ತೆಗೆದರು. “ನೀವು ಈಗ ನಿಮ್ಮ ಭಾವನ ಕಣ್ಣಲ್ಲಿ ಕಣ್ಣಿಟ್ಟು, ಮನಸ್ಸಿನಲ್ಲಿರೋದನ್ನ ಹೇಳಿ. ನಾವೆಲ್ಲ ಇದ್ದೀವಿ. ಹೆದರಬೇಡಿ.”

ಆಯ್ತಪ್ಪನವರು ಎದ್ದು ನಿಂತರು. ಭಾವನ ಕಣ್ಣಲ್ಲಿ ಕಣ್ಣಿಟ್ಟರು. ಬಾಯಿ ತೆರೆದರು.

“ಭಾವ... ಟೆಂಪೋ ಎಷ್ಟೊತ್ತಿಗೆ ಬರುತ್ತೆ?”

ಹೆಂಡತಿ ಎದ್ದು ಮೆಟ್ಟಿಲಿಳಿದು ಹೋದಳು. ಹೀಗೆ ಮೂರು ಮಹಡಿಯ ಮನಶ್ಶಾಸ್ತ್ರ ಆಯ್ತಪ್ಪನವರ ನಾಲಿಗೆಯ ಮುಂದೆ ಮಂಡಿಯೂರಿತು.

ಒಂದನೇ ತಾರೀಖು ಬೆಳಿಗ್ಗೆ ಹೆಂಡತಿ ಹೊಲಿದ ಯೂನಿಫಾರಂಗಳ ಗಂಟು ಹೊತ್ತು ಶಾಲೆಗೆ ಕೊಡಲು ಹೋದಳು. “ಮಿಷನ್ ಒರೆಸಿಟ್ಟಿದ್ದೀನಿ. ಟೆಂಪೋಗೆ ಹಾಕುವಾಗ ಚಕ್ರಕ್ಕೆ ಪೆಟ್ಟಾಗದ ಹಾಗೆ ನೋಡ್ಕೊಳ್ಳಿ,” ಎಂದಷ್ಟೇ ಹೇಳಿದಳು. ಅಳುತ್ತಿದ್ದರೆ ಆಯ್ತಪ್ಪನವರು ಹೇಗೋ ತಡೆದುಕೊಳ್ಳುತ್ತಿದ್ದರು. ಆಕೆ ಅಳಲಿಲ್ಲ.

ಅವರು ಸ್ವಲ್ಪ ಹೊತ್ತು ಮಿಷನ್ನಿನ ಮುಂದೆ ನಿಂತರು. ಆಮೇಲೆ ಅಂಗಿಯ ತೋಳು ಮಡಚಿದರು. ನಾಲಿಗೆ ಮಾಡದ ಕೆಲಸವನ್ನು ಕೈಯಾದರೂ ಮಾಡಲಿ ಎಂದುಕೊಂಡರೋ ಏನೋ, ಮಿಷನ್ನನ್ನು ಎಳೆದು, ತಳ್ಳಿ, ಹೊಸ್ತಿಲು ದಾಟಿಸಿ, ಹೆಬ್ಬೆರಳು ಜಜ್ಜಿಸಿಕೊಂಡು ಮುಂದಿನ ಕೋಣೆಗೆ ತಂದರು. ಬೀರುವಿನ ತಳದಿಂದ ಪರದೆ ತಂದು ಕಿಟಕಿಗೆ ಕಟ್ಟಿದರು, ಹೂಗಳು ತಲೆಕೆಳಗಾಗಿದ್ದವು. ಬಟ್ಟೆ ಕತ್ತರಿಸುವ ಮೇಜನ್ನು ತಂದಾಗ ಜಾಗ ಸಾಲದೆ, ಅದನ್ನು ಬೀದಿಬಾಗಿಲಿಗೆ ಒತ್ತರಿಸಿಟ್ಟರು. ಸುಸ್ತಾಗಿ ಕಿಟಕಿಯ ಹಿಂದೆ, ಹೆಂಡತಿಯ ಕುರ್ಚಿಯಲ್ಲಿ ಕುಸಿದರು.

ಅಷ್ಟರಲ್ಲಿ ಹೊರಗೆ ಟೆಂಪೋ ಬಂದು ನಿಂತಿತು. ಕುರ್ಚಿಗಳ ಗೋಪುರ. ಮುಂದಿನ ಸೀಟಿನಲ್ಲಿ ಅಕ್ಕ. ಭಾವ ಬಾಗಿಲು ತಳ್ಳಿದರು, ತೆರೆಯಲಿಲ್ಲ. ಕಿಟಕಿಗೆ ಬಂದು ಪರದೆ ಸರಿಸಿದರು.

“ಏನಯ್ಯಾ, ಒಳಗೇನು ಮಾಡ್ತಿದ್ದೀಯಾ? ಬಾಗಿಲು ತೆಗಿ!”

ಆಯ್ತಪ್ಪನವರು ತಲೆಯೆತ್ತಿದರು. ಎದುರಿಗೆ ಕಿಟಕಿ. ಕಿಟಕಿಗೆ ಸರಳು. ಸರಳಿನಾಚೆ ಒಂದು ಸಿಟ್ಟಿನ ಮುಖ. ಇವರು ಕುರ್ಚಿಯಲ್ಲಿ. ಅಷ್ಟು ವರ್ಷದ ಅಭ್ಯಾಸ ನೋಡಿ, ನಾಲಿಗೆ ಯಾರ ಅಪ್ಪಣೆಗೂ ಕಾಯಲಿಲ್ಲ.

“ಆಯ್ತಪ್ಪ, ನೋಡೋಣ.”

ಭಾವ ಕಣ್ಣುಬಿಟ್ಟರು. “ಏನು ನೋಡೋಣ? ಟೆಂಪೋ ನಿಂತಿದೆ ಕಣಯ್ಯಾ!”

“ಗಮನದಲ್ಲಿದೆ. ಟೆಂಪೋ ವಿಷಯಾನೂ ಬರ್ಕೊಂಡಿದ್ದೀನಿ. ಸಂಬಂಧಪಟ್ಟವರಿಗೆ ತಿಳಿಸ್ತೀನಿ.”

“ಸಂಬಂಧಪಟ್ಟವರಾ? ಯಾ... ಯಾರದು?”

“ನನ್ನ ಹೆಂಡತಿ. ಕೋಣೆ ಅವರ ವಿಭಾಗಕ್ಕೆ ಸೇರಿದ್ದು. ಈಗ ಹೊರಗಡೆ ಹೋಗಿದ್ದಾರೆ. ಇನ್ನೊಂದ್ಸಲ ಬಂದು ವಿಚಾರಿಸಿ.”

ಅಕ್ಕ ಟೆಂಪೋದಿಂದ ಧುಮುಕಿ ಬಂದಳು. “ಲೋ! ನಾನು ನಿನ್ನ ಅಕ್ಕ ಕಣೋ!”

“ಆಯ್ತಮ್ಮ. ಸರದಿಯಲ್ಲಿ ಬನ್ನಿ.”

ಆಯ್ತಪ್ಪನವರಿಗೆ ತಮ್ಮ ದನಿ ತಮಗೇ ಕೇಳಿಸುತ್ತಿತ್ತು. ಬೆವರಿಲ್ಲ, ಎದೆಬಡಿತವಿಲ್ಲ. ಎಂಥ ನೆಮ್ಮದಿ! ಮೂರು ಮಹಡಿ ಹತ್ತಿ ಹುಡುಕಿದ ಶಬ್ದ ಇಷ್ಟು ವರ್ಷ ತಮ್ಮ ಬಾಯಲ್ಲೇ ಇತ್ತು, ವೇಷ ಬೇರೆ ಹಾಕಿಕೊಂಡು. ಅದನ್ನು ಹೇಳಬೇಕಾದವರಿಗೆ ಹೇಳದೆ, ಹೇಳಬಾರದವರಿಗೆಲ್ಲ ಹಂಚಿದ್ದರು.

ಎದುರುಮನೆ ಜಗಲಿಯಿಂದ ಮೇಷ್ಟ್ರು ಕೂಗಿದರು, “ಏನ್ರೀ ಅದು ಗಲಾಟೆ? ಊಟ ಆಯ್ತಾ?”

“ಆಯ್ತು ಮೇಷ್ಟ್ರೇ, ಹೊಟ್ಟೆ ತುಂಬ!” ಎಂದರು ಆಯ್ತಪ್ಪನವರು.

ಭಾವ ಸರಳು ಹಿಡಿದು ಅಲುಗಾಡಿಸಿದರು. “ಅಂದ್ರೆ, ಆಗಲ್ಲ ಅಂತಿದ್ದೀಯಾ ನೀನು? ನನಗೆ?”

“ಇಲ್ಲ ಭಾವ!” ಆಯ್ತಪ್ಪನವರು ನಾಲಿಗೆ ಕಚ್ಚಿಕೊಂಡರು. “ಛೆ ಛೆ! ಆಗಲ್ಲ ಅಂತ ಯಾರಂದ್ರು? ಆಯ್ತು ಅಂತಲೇ ಅಂತಿದ್ದೀನಿ.”

ಹೀಗೆ, ಭಾವನಿಗೆ ಅವರು ಹೇಳಿದ ಮೊದಲ ‘ಇಲ್ಲ’ವೂ ಅದೇ ಹೊತ್ತಿಗೆ ಹೊರಬಿತ್ತು.

ಟೆಂಪೋ ಡ್ರೈವರು ಅಷ್ಟು ಹೊತ್ತೂ ಕಿಟಕಿಯ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಈಗ ಹಣೆ ಚಚ್ಚಿಕೊಂಡ.

“ಯಜಮಾನ್ರೇ, ಹತ್ತಿ ಗಾಡಿ. ಇವರನ್ನ ನನಗೆ ಗೊತ್ತು. ನಮ್ಮ ಬೀದಿ ನಲ್ಲಿಗೆ ದೂರು ಕೊಟ್ಟು ಈ ‘ಆಯ್ತು’ ಕೇಳಿ ಕೇಳಿ ಬೋರ್‌ವೆಲ್ ಹಾಕಿಸ್ಕೊಂಡ್ವಿ. ಇನ್ನು ಹತ್ತು ವರ್ಷ ನಿಂತ್ರೂ ಈ ಬಾಗಿಲು ತೆಗೆಯಲ್ಲ.”

ಗಾಡಿ ತಿರುಗಿತು. ಅಕ್ಕ ಬೀದಿಯ ಕೊನೆಯವರೆಗೂ ಬೈಯುತ್ತ ಹೋದಳು. ಆಯ್ತಪ್ಪನವರು ಅದಕ್ಕೂ ಒಂದಷ್ಟು ಹೊತ್ತು ಆಯ್ತಮ್ಮ, ಆಯ್ತಮ್ಮ ಎನ್ನುತ್ತಿದ್ದರು.

ಹೆಂಡತಿ ಹಿತ್ತಿಲ ಬಾಗಿಲಿಂದ ಒಳಗೆ ಬಂದಳು. ಬೀದಿ ತಿರುವಿನಲ್ಲಿ ಕುರ್ಚಿ ತುಂಬಿದ ಟೆಂಪೋ ಎದುರಾಗಿತ್ತು. ಅದರಲ್ಲಿ ತನ್ನ ಮಿಷನ್ ಇದೆಯೇ ಎಂದು ಬಗ್ಗಿ ನೋಡಿ ಬಂದಿದ್ದಳು. ಮುಂದಿನ ಕೋಣೆಯ ಹೊಸ್ತಿಲಲ್ಲಿ ನಿಂತಳು. ಕಿಟಕಿಯ ಬೆಳಕಿನಲ್ಲಿ ಮಿಷನ್ನು. ತಲೆಕೆಳಗಾದ ಹೂವಿನ ಪರದೆ. ಬಾಗಿಲಿಗೆ ಅಡ್ಡ ಮೇಜು. ನಡುವೆ ಬಾತುಕೊಂಡ ಹೆಬ್ಬೆರಳು ಹಿಡಿದು ಕೂತ ಗಂಡ.

“ಬುಧವಾರ ಗುಂಪಿನವರು ಬರ್ತಾರೆ,” ಎಂದರು ಆಯ್ತಪ್ಪನವರು ಹೆದರುತ್ತ. “ಅದೊಂದು ಉಳ್ಕೊಂಡಿದೆ.”

“ಬರಲಿ.” ಆಕೆ ಮೊಳೆಗೆ ತೂಗುತ್ತಿದ್ದ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡಳು. “ಅವರಲ್ಲಿ ಒಬ್ಬರಿಗೂ ಇಲ್ಲ ಅನ್ನೋಕೆ ಬರಲ್ಲ ತಾನೆ? ಎಲ್ಲರ ಮನೆಗೂ ಹೊಸ ಪರದೆ ಬೇಕೇ ಅಂತ ಕೇಳ್ತೀನಿ.”

ಹೇಳಿ, ಆಕೆ ಬೇರೆ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ ಈ ಕಡೆ ತಿರುಗಿ ಗಂಡನನ್ನು ನೋಡಿದಳು.

“ಏಳಿ ಮತ್ತೆ. ಅದು ನನ್ನ ಕುರ್ಚಿ.”

“ಆಯ್ತು,” ಎಂದರು ಆಯ್ತಪ್ಪನವರು. ಅಂದದ್ದಷ್ಟೇ ಅಲ್ಲ, ಎದ್ದರು.